ಬಾವಿ ಕಡೆಯ ನಾಲ್ಕು ಸಾಲು

ಕಡಲೆ ಸೊಪ್ಪನ್ನು ನಮ್ಮ ಕಡೆ ಯಾರೂ ತೊಳೆಯುವುದಿಲ್ಲ. ಎಲೆಯ ಮೇಲಿನ ಹುಳಿಯೇ ಅದರ ರುಚಿ. ನೀರು ಬಿದ್ದರೆ ಅದೂ ಹೋಯಿತು. ಗೋಕಾಕ, ಮೂಡಲಗಿ, ಹುಕ್ಕೇರಿಯ ಎರೆಹೊಲಗಳಲ್ಲಿ ಬೆಳೆದ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಅದಕ್ಕೇ, ‘ತೊಳೆದು ತಿನ್ನಬೇಕಿತ್ತು’ ಎಂಬ ಮಾತು ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಮೂಡಲಗಿ ಹತ್ತಿರದ ನಮ್ಮೂರಲ್ಲಿ ಕಡಲೆ ಗೇಣುದ್ದ ಬೆಳೆಯಿತೆಂದರೆ ಹೊಲದವರು ಓಣಿಯ ಹೆಂಗಸರಿಗೆ ಹೇಳಿ ಕಳಿಸುತ್ತಿದ್ದರು. ಹೆಂಗಸರು ಬಂದು ಕುಡಿ ಚಿವುಟಬೇಕು. ಚಿವುಟಿದ ಗಿಡ ಟಿಸಿಲೊಡೆದು ಹೆಚ್ಚು ಕಾಯಿ ಬಿಡುತ್ತದೆ. ಚಿವುಟಿದ ಸೊಪ್ಪು ಹೆಂಗಸರಿಗೆ. ಕೂಲಿಯ ಮಾತೇ ಇಲ್ಲ. ಪಕ್ಕದ ಮನೆಯ ಕಾಕಾ ಆ ವರ್ಷವೂ ಹೇಳಿ ಕಳಿಸಿದ, ಅವ್ವ ಓಣಿಯವರ ಜೊತೆ ಹೋದಳು. ಮಧ್ಯಾಹ್ನ ಬದುವಿನ ಮೇಲೆ ಕೂತು ರೊಟ್ಟಿ ಬಿಚ್ಚಿ, ಹಸಿ ಕುಡಿಗೆ ಉಪ್ಪು ಹಸಿಮೆಣಸಿನಕಾಯಿ ಹಚ್ಚಿಕೊಂಡು ಎಲ್ಲರೂ ತಿಂದರು. ಅವ್ವನಿಗೆ ಅದೆಂದರೆ ಪ್ರಾಣ, ಎಲ್ಲರಿಗಿಂತ ಹೆಚ್ಚು ತಿಂದಳು.

ಹೊತ್ತು ಇಳಿಯುವಷ್ಟರಲ್ಲಿ ಉಳಿದವರಿಗೆ ತಲೆಸುತ್ತು, ವಾಂತಿ. ಅವ್ವನಂತೂ ಬೆವತು, ಜೊಲ್ಲು ಸುರಿಸುತ್ತ ನೆಲಕ್ಕೆ ಬಿದ್ದಳು. ಟೆಂಪೋದಲ್ಲಿ ಮಲಗಿಸಿ ಘಟಪ್ರಭಾಕ್ಕೆ ಒಯ್ದೆವು. ಹೊಲಕ್ಕೆ ಯಾವ ಎಣ್ಣಿ ಹೊಡೆದಿದ್ದರು ಎಂದು ಡಾಕ್ಟರು ಕೇಳಿದಾಗಲೇ ನಮಗೆ ಹೊಳೆದದ್ದು. ಕೀಟನಾಶಕಕ್ಕೆ ನಾವು ಎಣ್ಣಿ ಅನ್ನುತ್ತೇವೆ. ಎಲೆ ತಿನ್ನುವ ಹಸಿರು ಹುಳಕ್ಕೆಂದು ಕಾಕಾ ಗೋಕಾಕದಿಂದ ಅದನ್ನು ತಂದು ಹಿಂದಿನ ದಿನವೇ ಹೊಡೆದಿದ್ದ. ಹೊಡೆದದ್ದಕ್ಕೆ ನನ್ನ ತಕರಾರಿಲ್ಲ. ಹುಳ ಹಾಗೇ ಬಿಟ್ಟರೆ ಕಾಯಿಯಲ್ಲಿ ಕಾಳು ಉಳಿಯುವುದಿಲ್ಲ, ಅದು ನನಗೂ ಗೊತ್ತು. ಆದರೆ ಹೊಡೆದ ಮರುದಿನವೇ ಜನರನ್ನು ಕರೆಯುವುದೇ? ಕರೆದ ಬಾಯಿಗೆ ಇನ್ನೊಂದು ಮಾತು ಭಾರವಾಯಿತೇ?

ಕಾಕಾ ಎಳನೀರು ಹಿಡಿದುಕೊಂಡು ದವಾಖಾನೆಗೆ ಬಂದ. “ತೊಳದ ತಿನಬೇಕಿತ್ತ ತಂಗೆವ್ವಾ. ತೊಳೀದ ತಿಂದರ ಹಿಂಗ ಆಗತೈತಿ,” ಎಂದ. ಊರೂ ಅದನ್ನೇ ಹೇಳಿತು. ಅವ್ವ ಕೂಡ ಹಾಸಿಗೆಯಲ್ಲಿ ಹೌದೆಂಬಂತೆ ತಲೆಯಾಡಿಸಿದಳು. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆಗ.

ಅವ್ವ ಮನೆಗೆ ಬಂದ ಮೇಲೆ ಕಾಕಾನ ಹೆಂಡತಿ, ನಮ್ಮ ಕಾಕು, ಒಂದು ಬೋಗುಣಿ ಪಲ್ಯ ತಂದಳು. ಅದೂ ಕಡಲೆಯದೇ. ಅವ್ವ ಹಿಂದೆ ಸರಿದು ಕೂತಳು.

“ಅಂಜಬ್ಯಾಡ ತಂಗಿ, ಇದಕ್ಕ ಎಣ್ಣಿ ಬಿದ್ದಿಲ್ಲ,” ಎಂದಳು ಕಾಕು. “ಬಾವಿ ಕಡೀ ನಾಕ ಸಾಲ ನಮ್ಮ ಮನೀಗಂತ ಹಂಗ ಬಿಟ್ಟಿರತಾರ.”

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಕಪಾಳಕ್ಕೆ ಬಾರಿಸಿದಂತಾಯಿತು. ಅಂದರೆ ಕಾಕಾನಿಗೆ ಎಲ್ಲ ಗೊತ್ತಿತ್ತು. ತನ್ನ ಮನೆಯಲ್ಲೂ ಸೊಪ್ಪು ತೊಳೆಯುವುದಿಲ್ಲ ಎಂದು ಗೊತ್ತಿದ್ದೇ ಆ ಸಾಲು ಬಿಟ್ಟಿದ್ದ. ನಮಗೆ ಹೇಳಿದ್ದರೆ ಯಾರೂ ಹೋಗುತ್ತಿರಲಿಲ್ಲ, ಕುಡಿ ಹಾಗೇ ಉಳಿಯುತ್ತಿತ್ತು. ಈಗಲೇ ಹೋಗಿ ಜಗಳ ತೆಗೆಯುತ್ತೇನೆ ಎಂದು ಎದ್ದೆ. ಅವ್ವ ಕೈ ಹಿಡಿದು ಕೂರಿಸಿದಳು, ಬೋಗುಣಿ ತೊಳೆದು ಕಾಕುವಿಗೆ ಮರಳಿಸಿದಳು.

ಮರುವರ್ಷ ಕಾಕಾ ಏನೂ ಆಗಿಲ್ಲವೆಂಬಂತೆ ಮತ್ತೆ ಹೇಳಿ ಕಳಿಸಿದ. ಹೋಗಬೇಡ ಎಂದು ಅವ್ವನಿಗೆ ಬೈದೆ. ಅವಳು ಕೇಳದೆ ಓಣಿಯವರನ್ನೆಲ್ಲ ಕರೆದುಕೊಂಡು ಹೊರಟಳು. ತಡೆಯಲಾರದೆ ನಾನೂ ಹೋದೆ. ಹೊಲ ಮುಟ್ಟಿದವಳು ಉಳಿದ ಸಾಲುಗಳ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಬಾವಿ ಕಡೆಗೆ ನಡೆದು ಅಲ್ಲಿ ಚಿವುಟತೊಡಗಿದಳು. ಹೆಂಗಸರೂ ಅವಳ ಹಿಂದೆಯೇ ಚಿವುಟುತ್ತ ಬಂದರು. ಕಾಕಾ ಓಡಿ ಬಂದ.

“ಇವು ನಮ್ಮ ಮನೀ ಸಾಲ, ತಂಗೆವ್ವಾ. ನೀವು ಆ ಕಡೆ ಹೋಗ್ರಿ.”

“ಯಾಕ್ರಿ ಅಣ್ಣಾರ? ಆ ಕಡೀದಕ್ಕ, ಈ ಕಡೀದಕ್ಕ ಏನ ಫರಕ ಐತ್ರಿ?” ಎಂದಳು ಅವ್ವ.

ಕಾಕಾ ಒಮ್ಮೆ ಬಾವಿ ನೋಡಿದ, ಒಮ್ಮೆ ನನ್ನನ್ನು ನೋಡಿದ. ಹೆಂಗಸರು ಕೈ ನಿಲ್ಲಿಸಿ ಅವನ ಬಾಯನ್ನೇ ನೋಡುತ್ತಿದ್ದರು.

“ಅಲ್ಲೆ ಎಣ್ಣಿ ಹೊಡದೇನಿ,” ಎಂದ ಕೊನೆಗೆ, ದನಿ ತಗ್ಗಿಸಿ.

“ಇಷ್ಟ ಹೇಳೂದಿತ್ತ ನೋಡ್ರಿ, ಹೋದ ವರ್ಷ,” ಎಂದು ಅವ್ವ ಮುಂದಿನ ಗಿಡಕ್ಕೆ ಬಗ್ಗಿದಳು.