ಕಿಟಕಿಗೆ ಹಿಡಿದ ಎದೆ

ಅರವತ್ತರ ದಶಕದಲ್ಲಿ ಬೋಳಾರದ ನಮ್ಮ ಮನೆಯಲ್ಲಿ ಎದೆನೋವು ಇಬ್ಬರಿಗಿತ್ತು, ಹೃದ್ರೋಗಿ ಮಾತ್ರ ಒಬ್ಬರೇ. ಅಪ್ಪನ ಎಕ್ಸ್‌ರೇಯಲ್ಲಿ ಹೃದಯದ ನೆರಳು ತುಸು ಅಗಲವಾಗಿ ಬಿದ್ದಿತ್ತು. ಅಮ್ಮನದರಲ್ಲಿ ಏನೂ ಇರಲಿಲ್ಲ. ಡಾಕ್ಟರು ಗ್ಯಾಸ್ ಎಂದರು. ಆ ಕಾಲದಲ್ಲಿ ಹೆಂಗಸರ ಎದೆಯಲ್ಲಿ ಗ್ಯಾಸ್ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಅಮ್ಮನ ಎಕ್ಸ್‌ರೇ ಪ್ಲೇಟು ಟ್ರಂಕಿನ ತಳ ಸೇರಿತು.

ಭಾನುವಾರ ಇಗರ್ಜಿಯಿಂದ ನೇರ ಬರುವ ನೆಂಟರಿಗೆ ಅಪ್ಪ ಆರಾಮಕುರ್ಚಿಯಿಂದ ಏಳದೆ ತಮ್ಮ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ಪಕ್ಕೆಲುಬು ಯಾವುದು, ಹೃದಯ ಯಾವುದು ಎಂದು ತಿಳಿಯದವರೂ "ಛೆ, ಛೆ" ಎನ್ನುತ್ತಿದ್ದರು. ಅವರು ತಂದ ಮೂಸಂಬಿ ಸುಲಿಯುವುದು ಅಮ್ಮನ ಕೆಲಸ. ಹೊಳೆಬದಿಯಿಂದ ಮೀನು ಹೊತ್ತು ಏರು ಹತ್ತುವುದೂ ಅವಳದೇ. ಅರ್ಧ ಏರಿನಲ್ಲಿ ಎದೆ ಹಿಡಿದು ನಿಲ್ಲುತ್ತಿದ್ದಳು.

"ನಿಂತರೆ ಹೋಗುವಂಥದ್ದು ಎಂತ ನೋವು ಮಾರಾಯ್ತಿ?" ಎಂದು ಅಪ್ಪ ಕುಳಿತಲ್ಲಿಂದಲೇ ಕೇಳುತ್ತಿದ್ದರು.

ನಾನು ಆಗ ಮೆಡಿಕಲ್ ಓದುತ್ತಿದ್ದೆ. ಒಂದು ದಿನ ಶವದ ಹೃದಯ ಬಿಡಿಸುವಾಗ, ಮೇಲ್ಮೈಯಲ್ಲೇ ಹರಿಯಬೇಕಾದ ರಕ್ತನಾಳವೊಂದು ಮಾಂಸದ ಪಟ್ಟಿಯಡಿ ನುಸುಳಿ ಮತ್ತೆ ಮೇಲೆದ್ದಿತ್ತು.

"ಮಾಂಸದ ಸೇತುವೆ. ತುಂಬ ಜನರಿಗೆ ಇರ್ತದೆ, ಹೆಚ್ಚಿನವರಿಗೆ ಎಂತದೂ ಆಗುವುದಿಲ್ಲ" ಎಂದರು ಪ್ರೊಫೆಸರರು.

ಹೃದಯ ಜೋರಾಗಿ ಬಡಿದಾಗ ಆ ಪಟ್ಟಿ ನಾಳವನ್ನು ಹಿಂಡದೇ ಎಂದು ಕೇಳಿದೆ.

"ಹಿಂಡಲೂಬಹುದು. ನೋಡುವುದು ಹೇಗೆ? ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನಾಳಕ್ಕೆ ಔಷಧಿ ಬಿಟ್ಟು ಚಿತ್ರ ತೆಗೆಯುವುದು ಪರದೇಶದಲ್ಲಿ ಉಂಟಂತೆ."

ಅಂದರೆ ನಮ್ಮ ಊರಲ್ಲಿ ಅದನ್ನು ಕಾಣಬೇಕಾದರೆ ರೋಗಿ ಮೊದಲು ಸಾಯಬೇಕಿತ್ತು.

ಅಮ್ಮನಿಗೆ ಇದ್ದದ್ದೂ ಅದೇ ಎಂದು ಈಗಲೂ ಹೇಳಲಾರೆ. ಆದರೆ ಅಂದು ಮನೆಗೆ ಬಂದವಳೇ ಅಪ್ಪನಿಗೆ ಹೇಳಿದೆ: ಸುಮ್ಮನೆ ನಿಲ್ಲಿಸಿ ತೆಗೆದ ಚಿತ್ರಕ್ಕೆ ಏರು ಹತ್ತುವಾಗಿನ ನೋವು ಗೊತ್ತಾಗುವುದಿಲ್ಲ, ಇನ್ನು ಅಮ್ಮ ಮೀನಿಗೆ ಹೋಗಬಾರದು.

ಅಪ್ಪ ಯೋಚಿಸಿ, "ಪ್ಲೇಟಿನಲ್ಲಿ ಉಂಟಾ?" ಎಂದರು.

ಇಲ್ಲವೆಂದೆ. ಮಾತು ಅಲ್ಲಿಗೆ ಮುಗಿಯಿತು.

ಮುಂದಿನ ಭಾನುವಾರ ನೆಂಟರು ತುಂಬಿದ್ದಾಗ ಅಮ್ಮ ಟ್ರಂಕಿನಿಂದ ತನ್ನ ಪ್ಲೇಟು ತಂದು ಕಿಟಕಿಗೆ ಹಿಡಿದಳು. "ಇದು ನನ್ನದು" ಎಂದಳು, ಅಷ್ಟೇ.

"ಛೆ, ಛೆ" ಎಂದರು ನೆಂಟರು, ಎಂದಿನಂತೆಯೇ. ದೊಡ್ಡತ್ತೆ ಅಪ್ಪನ ಕಡೆ ತಿರುಗಿ, "ಹೀಗಿರುವಾಗ ಅವಳನ್ನು ಮೀನಿಗೆ ಕಳಿಸುವುದಾ?" ಎಂದು ಕೇಳಿದರು. ಅಪ್ಪ ತಮ್ಮ ಪ್ಲೇಟನ್ನು ಮಡಿಲಿಗೆ ಇಳಿಸಿದರು.

ಮರುದಿನ ಅಪ್ಪನೇ ಮೀನಿಗೆ ಹೋದರು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಚೀಲ ಹೊತ್ತು, ಎಲ್ಲೂ ನಿಲ್ಲದೆ, ಅಪ್ಪ ಒಂದೇ ಉಸಿರಿಗೆ ಏರು ಹತ್ತಿ ಬಂದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅಮ್ಮ ಚೀಲ ತೆಗೆದುಕೊಂಡು ಮೀನು ಹಸನು ಮಾಡಲು ಕುಳಿತಳು.