ಮೂರು ಬ್ಯಾಡ್ರಿ ಡಾಕ್ಟರಮ್ಮ

ನಮ್ಮ ಮನೆಯಲ್ಲಿ ಯಾರ ತಟ್ಟೆಗೂ ಬರೀ ಮೂರು ರೊಟ್ಟಿ ಬೀಳುತ್ತಿರಲಿಲ್ಲ. ಹಾಕಲೇಬೇಕಾಗಿ ಬಂದರೆ ಅತ್ತೆ ನಾಲ್ಕನೆಯದರ ಒಂದು ಚೂರು ಮುರಿದು ಮೇಲಿಡುತ್ತಿದ್ದರು. ಮೂವರು ಕೂಡಿ ಹೊರಟರೆ ಹೋದ ಕೆಲಸ ಕೆಡುತ್ತದೆಂದು ಸೆರಗಿನ ತುದಿಗೆ ಒಂದು ಅಡಿಕೆ ಗಂಟು ಹಾಕಿಕೊಳ್ಳುತ್ತಿದ್ದರು. ಆ ಅಡಿಕೆಯೇ ನಾಲ್ಕನೆಯವರು. ಮನೆಯಲ್ಲಿ ಇದ್ದದ್ದೇ ಮೂವರು: ಅತ್ತೆ, ನನ್ನ ಗಂಡ, ನಾನು. ಹೀಗಾಗಿ ಬ್ಯಾಂಕಿಗೆ ಹೋಗಲಿ, ಸೀರೆ ಅಂಗಡಿಗೆ ಹೋಗಲಿ, ಅಡಿಕೆ ನಮ್ಮ ಜೊತೆಗೇ ಆಟೋ ಹತ್ತುತ್ತಿತ್ತು.

ನಾನು ಗಣಿತ ಹೇಳಿಕೊಡುವವಳು. ಇದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ನಮ್ಮ ಸೀಮೆ ಬಿಟ್ಟು ಬಂದು ನೆಲೆಸಿದ್ದ ತೆಲುಗು ಊರಿನ ಸನತ್‌ನಗರದಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಟ್ಯೂಷನ್ ನಡೆಯುತ್ತಿತ್ತು. ಮಾಧಾಪುರದ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಫ್ಯಾಕ್ಟರಿಯಲ್ಲಿ ದುಡಿಯುವವರೂ ಮಗುವನ್ನು ತಂದು ಕೂರಿಸಿ, ಸಾಫ್ಟ್‌ವೇರಿಗೆ ಹೋಗುವಷ್ಟು ಲೆಕ್ಕ ಕಲಿಸಿಬಿಡಿ ಮೇಡಂ ಎನ್ನುತ್ತಿದ್ದರು, ಅಂಗಡಿಯಲ್ಲಿ ಕಾಲು ಕಿಲೋ ಬೇಳೆ ಕೇಳಿದ ಹಾಗೆ. ನಾನು ಆ ಮಕ್ಕಳಿಗೆ ಮೂರರಿಂದಲೇ ಶುರು ಮಾಡುತ್ತಿದ್ದೆ. ಎಷ್ಟೇ ದೊಡ್ಡ ಸಂಖ್ಯೆ ಇರಲಿ, ಅದರ ಅಂಕಿಗಳನ್ನು ಕೂಡಿ ನೋಡಿ. ಮೊತ್ತ ಮೂರರಿಂದ ಭಾಗವಾದರೆ ಆ ಸಂಖ್ಯೆಯೂ ಭಾಗವಾಗುತ್ತದೆ. ಮೂರು ಕಡ್ಡಿಗಳ ತುದಿಗಳನ್ನು ಸೇರಿಸಿ ತ್ರಿಕೋನ ಕಟ್ಟಿ ಒತ್ತಿದರೆ ಜಪ್ಪಯ್ಯ ಅಂದರೂ ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಬೆರಳು ತಾಗಿಸಿದರೆ ಸೊಟ್ಟಗಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು ಗುಣ. ಒಂದರಿಂದ ಎಣಿಸುತ್ತ ಬಂದರೆ, ತನ್ನ ಹಿಂದಿನವರೆಲ್ಲರ ಮೊತ್ತಕ್ಕೆ ಸರಿಸಮನಾದದ್ದು ಮೂರು ಮಾತ್ರ. ಒಂದೂ ಎರಡೂ ಸೇರಿ ಮೂರು, ಅಷ್ಟೇ. ನಾಲ್ಕರ ಹಿಂದಿನವನ್ನು ಕೂಡಿದರೆ ಆರಾಗುತ್ತದೆ, ಐದರ ಹಿಂದಿನವು ಹತ್ತಾಗುತ್ತವೆ, ಆಮೇಲೆ ಎಲ್ಲಿಯೂ ಹೊಂದುವುದಿಲ್ಲ.

ಒಂದು ದಿನ ತಡೆಯಲಾರದೆ ಅತ್ತೆಯನ್ನು ಕೇಳಿಯೇಬಿಟ್ಟೆ.

"ಅತ್ತಿ, ವಿಭೂತಿ ಮೂರು ಬೆರಳಲೆ ಹಚ್ಚಿಕೋತೀರಿ. ಬಿಲ್ವಪತ್ರಿಗೆ ಮೂರು ದಳ. ನನ್ನ ತಾಳಿಗೂ ಮೂರು ಗಂಟು ಹಾಕಿಸಿದ್ರಿ. ರೊಟ್ಟಿ ಏನು ಪಾಪ ಮಾಡ್ಯಾವ್ರಿ?"

"ಅವೆಲ್ಲ ದೇವರ ಲೆಕ್ಕವ್ವ. ದೇವರಿಗೆ ಮೂರು ತಾಳತೈತಿ, ನಮಗ ತಾಳಂಗಿಲ್ಲ," ಎಂದರು ಅತ್ತೆ. "ನೀ ನಿನ್ನ ಹುಡುಗರ ಮುಂದ ಏನರ ಹೇಳಿಕೋ. ನನ್ನ ಒಲಿ ಮುಂದ ಹೇಳಬ್ಯಾಡ."

ಮದುವೆಯಾಗಿ ಎಷ್ಟೋ ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ನನಗೆ ಮಗು ಬೇಕಿತ್ತು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಟ್ಯೂಷನ್ನಿನ ಮಕ್ಕಳು ಎದ್ದುಹೋದ ಮೇಲೆ ಅವರ ರಬ್ಬರಿನ ಪುಡಿಯನ್ನು ಬೇಕೆಂದೇ ನಿಧಾನವಾಗಿ ಗುಡಿಸುತ್ತಿದ್ದೆ. ನನ್ನ ಗಂಡ ಜೀಡಿಮೆಟ್ಲಾದ ಔಷಧಿ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿದ್ದರು. ಅಲ್ಲಿ ಯಾರೋ ಹೇಳಿದ ಮೇಲೆ, ಮಕ್ಕಳಾಗದವರಿಗೆಂದು ಹೊಸದಾಗಿ ತೆರೆದಿದ್ದ ಆಸ್ಪತ್ರೆಗೆ ಹೋಗತೊಡಗಿದೆವು. ಗಂಡ ಹೆಂಡಿರಿಬ್ಬರ ಬೀಜವನ್ನೂ ಹೊರಗೇ ಕೂಡಿಸಿ, ಭ್ರೂಣ ಮೂಡಿದ ಮೇಲೆ ಗರ್ಭದೊಳಗೆ ಇಡುತ್ತಾರೆ ಎಂದು ಗಂಡ ವಿವರಿಸಿದರು. ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡೂ ಚುಚ್ಚಿಸಿಕೊಂಡೂ ಸಾಕಾಗಿಹೋಗಿತ್ತು.

ಭ್ರೂಣ ಇಡುವ ದಿನ ಅತ್ತೆಯೂ ಬಂದರು. ಸೆರಗಿನ ತುದಿಯಲ್ಲಿ ಗಂಟಿತ್ತು. ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಗೋಡೆಯ ಟೀವಿಯಲ್ಲಿ ತೋರಿಸಿದರು. ಬೂದು ಬಣ್ಣದ ಬಯಲಿನಲ್ಲಿ ದುಂಡಗೆ ಮೂರು ಗುಳ್ಳೆಗಳು, ಒಳಗೆ ಇನ್ನೂ ಸಣ್ಣ ಗುಳ್ಳೆಗಳು. ಮೂರು ಚೆನ್ನಾಗಿ ಬೆಳೆದಿವೆ, ಮೂರನ್ನೂ ಇಡೋಣ, ಯಾವುದಾದರೂ ಒಂದು ನೆಲೆ ನಿಂತರೂ ಸಾಕು ಎಂದು ತೆಲುಗಿನಲ್ಲಿ ಹೇಳಿದರು. ಅಷ್ಟು ತೆಲುಗು ಅತ್ತೆಗೆ ಬರುತ್ತಿತ್ತು.

"ಮೂರು ಬ್ಯಾಡ್ರಿ ಡಾಕ್ಟರಮ್ಮ," ಎಂದರು ಅತ್ತೆ, ಮೂರು ಬೆರಳು ಎತ್ತಿ ಬೇಡವೆಂದು ಕೈಯಾಡಿಸುತ್ತ. "ನಾಕು ಇಡ್ರಿ. ಇಲ್ಲಂದ್ರ ಎರಡು ಇಡ್ರಿ."

ನನ್ನ ಗಂಡ ನೆಲ ನೋಡತೊಡಗಿದರು. ಡಾಕ್ಟರಮ್ಮನಿಗೆ ಬೆರಳುಗಳಿಂದಲೇ ಅರ್ಥವಾಯಿತು, ಅವರು ನಗಲಿಲ್ಲ. ನಾಲ್ಕನೆಯದು ಬೆಳೆದಿಲ್ಲ, ಎರಡೇ ಇಟ್ಟರೆ ಭರವಸೆ ಅಷ್ಟು ಕಡಿಮೆಯಾಗುತ್ತದೆ, ನೀವೇ ಹೇಳಿ ಎಂದು ನನ್ನ ಕಡೆ ತಿರುಗಿದರು. ಲೆಕ್ಕದ ಟೀಚರಾದ ನನಗೂ ಈ ಮುದುಕಿಯ ಮಾತೇ ನಿಜವಾದರೆ ಅನ್ನಿಸಿಬಿಟ್ಟಿತು. ಟೀವಿಯ ಕಡೆ ನೋಡಿದೆ. ಅವುಗಳಲ್ಲಿ ಯಾವುದನ್ನು ಹೊರಗಿಡಲಿ? ಮೂರೂ ಬೇಕು ಎಂದೆ. ನಾನು ಒಳಗೆ ಮಲಗಿದ್ದಷ್ಟು ಹೊತ್ತೂ ಅತ್ತೆ ಅಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು, "ನಾಕನೇದು ನನ್ನ ಕಡಿ ಐತಿ," ಎಂದು ಕೂತಿದ್ದರಂತೆ. ಇದನ್ನು ಗಂಡ ಆಮೇಲೆ ಹೇಳಿದರು.

ಆಮೇಲೆ ಕಾಯುವ ದಿನಗಳು. ಟ್ಯೂಷನ್ ನಿಲ್ಲಿಸಿ ಮಲಗಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಸುಖವಾಗಿ ಇನ್ಯಾವಾಗಲೂ ಇರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ. ಮೂರಕ್ಕೂ ಒಂದೊಂದು ಸ್ವಭಾವ ಕೊಟ್ಟಿದ್ದೆ. ಒಂದು ನನ್ನ ಹಾಗೆ ಸಿಡುಕು. ಒಂದು ಅಪ್ಪನ ಹಾಗೆ ಮಾತೇ ಇಲ್ಲದ್ದು. ಮೂರನೆಯದು ಅಜ್ಜಿಯ ಬಾಲ, ಒಲೆ ಮುಂದೆಯೇ ಬಿದ್ದಿರುವಂಥದ್ದು. ಒಂದು ಹೋಳಿಗೆ ಕೊಟ್ಟರೆ ಮೂವರೂ ಹೇಗೆ ಹಂಚಿಕೊಳ್ಳುತ್ತಾರೆ, ಯಾರು ಅಳುತ್ತಾರೆ, ಎಲ್ಲ ಗೊತ್ತಿತ್ತು ನನಗೆ. ಅತ್ತೆಯೂ ಬದಲಾಗಿದ್ದರು. ಊಟ ಸಾಕೆಂದರೆ, "ನಿನಗ ಸಾಕಾದ್ರ ಆತೇನು? ಒಳಗ ಮೂರು ಹಸಗೊಂಡು ಕುಂತಾವ, ತಿನ್ನು," ಎಂದು ಗದರಿ ಮತ್ತೆ ಬಡಿಸುತ್ತಿದ್ದರು. ಮೂರು ಅನ್ನುವಾಗ ಅವರ ದನಿ ಎಷ್ಟು ಮೆತ್ತಗಾಗುತ್ತಿತ್ತೆಂದರೆ, ಮಲಗಿದಲ್ಲೇ ನಾನು ಅದನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದೆ.

ಯಾವುದೂ ನಿಲ್ಲಲಿಲ್ಲ. ರಕ್ತದ ಪರೀಕ್ಷೆಯ ಫಲಿತಾಂಶವನ್ನು ಆಸ್ಪತ್ರೆಯವರು ಫೋನಿನಲ್ಲೇ ಹೇಳಿದರು. ಅತ್ತೆ ನೋಡು ನಾ ಹೇಳಿದ್ದೆ ಎನ್ನುತ್ತಾರೆಂದು ನಾನು ಹಲ್ಲು ಕಚ್ಚಿಕೊಂಡಿದ್ದೆ. ಹಾಗೆ ಅಂದಿದ್ದರೆ ಜಗಳಕ್ಕೆ ನಿಲ್ಲುವವಳಿದ್ದೆ. ಅವರು ಅನ್ನಲಿಲ್ಲ. ಒಲೆ ಹಚ್ಚಿ ನನಗೆ ನೀರು ಕಾಯಿಸಿದರು, ತಲೆಗೆ ಎಣ್ಣೆ ಹಚ್ಚಿ ತಾವೇ ಎರೆದರು. ಆಮೇಲೆ ಮತ್ತೊಮ್ಮೆ ಪ್ರಯತ್ನಿಸುವ ಶಕ್ತಿ ನಮ್ಮಲ್ಲಿ ಉಳಿದಿರಲಿಲ್ಲ. ಕಂಡೇ ಇರದವರ ನೆನಪು ಹೇಗೆ ಬರುತ್ತದೋ ನನಗೆ ತಿಳಿಯದು, ಆದರೆ ಬರುತ್ತದೆ. ಬೀದಿಯಲ್ಲಿ ಮಕ್ಕಳು ಗುಂಪಾಗಿ ಓಡಿದರೆ ಕಣ್ಣು ತಾನಾಗಿ ಮೂವರನ್ನು ಹುಡುಕುತ್ತಿತ್ತು.

ಮರುವರ್ಷ ಊರ ಕಡೆ ಇದ್ದ ನಾದಿನಿಗೆ ಗಂಡು ಮಗುವಾಯಿತು. ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಅತ್ತೆಯೂ ನಾನೂ ಹೊರಟು ಕಾಚಿಗೂಡ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆವು. ಪಕ್ಕದಲ್ಲಿ ನಮ್ಮ ಸೀಮೆಯ ಒಬ್ಬ ಹೆಂಗಸು, ಅತ್ತೆಯ ವಯಸ್ಸಿನವರು, ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನಾವು ಕನ್ನಡ ಮಾತಾಡುವುದು ಕೇಳಿ ಅವರಿಗೆ ಹಿಗ್ಗೋ ಹಿಗ್ಗು. ಯಾವ ಊರು, ಎಲ್ಲಿ ಮನೆ ಎಂದೆಲ್ಲ ಕೇಳಿ ನನ್ನ ಕಡೆ ತಿರುಗಿದರು.

"ಮಕ್ಕಳೆಷ್ಟವ್ವ ತಂಗಿ?"

ಇಲ್ಲ ಎಂದು ಹೇಳಿ ಹೇಳಿ ನನಗೆ ರೂಢಿಯಾಗಿತ್ತು. ಅಂದು ಏನಾಯಿತೋ ಕಾಣೆ.

"ಮೂರ್ರಿ," ಎಂದೆ.

"ಭಾಳ ಚಲೋ ಆತು. ಎಲ್ಲಿ ಬಿಟ್ಟು ಬಂದೀಯವ್ವಾ?"

ಹಳಿಯ ಕಡೆ ನೋಡುತ್ತ ಕೂತೆ. ಆ ಹೆಂಗಸು ಅತ್ತೆಯ ಮುಖ ನೋಡಿದರು. ಅತ್ತೆ ನನ್ನ ಮೊಣಕಾಲ ಮೇಲೆ ಕೈಯಿಟ್ಟರು.

"ಹುಟ್ಟಲಿಲ್ರೀ ಅವು," ಎಂದರು. "ಆದ್ರ ಮೂರು ಇದ್ದದ್ದು ಖರೆ. ನಾನೂ ನೋಡೀನಿ."