ತಿರುಗುಮುರುಗು ಮುಖಪುಟ

ನನ್ನ ಅಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ ಓಡಾಡುತ್ತ, ವಾಕ್ಯಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ, ಫ್ರಿಜ್ಜಿನ ಪಕ್ಕದ ಕಟ್ಟೆಯ ಮೇಲಿಟ್ಟ ಲ್ಯಾಪ್‌ಟಾಪನ್ನು ನಿಂತೇ ಕುಟ್ಟುತ್ತಾಳೆ. ಮಕ್ಕಳ ಮಾಸಪತ್ರಿಕೆಯೊಂದಕ್ಕೆ ವಿಜ್ಞಾನದ ಕಥೆ ಬರೆಯುವುದು ಅವಳ ಕೆಲಸ. ಓದಿದ್ದು ಪ್ರಾಣಿಶಾಸ್ತ್ರ. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತ್ತು. ಒಂದೇ ಕೋಣೆಯಲ್ಲಿ ನಿಂತು ವರ್ಷವರ್ಷವೂ ಅದದೇ ಹೇಳುವುದು ತನ್ನಿಂದಾಗದು ಎಂದು ಬಿಟ್ಟುಬಂದಳು. ಭಾವ ಬೇರೆ ಸಂಸಾರ ಕಟ್ಟಿಕೊಂಡಿದ್ದಾನೆ, ಅವನ ಸುದ್ದಿ ಇಲ್ಲಿ ಬೇಡ. ಮನೆಯಲ್ಲಿರುವುದು ಅಕ್ಕ, ಅವಳ ಮಗಳು ಗುಬ್ಬಿ, ಮತ್ತೆ ಗುಬ್ಬಿಯ ಚಿಕ್ಕಿಯಾದ ನಾನು.

ಗುಬ್ಬಿಯ ಬಲಗೈಯಲ್ಲಿ ನಡುಬೆರಳೂ ಉಂಗುರದ ಬೆರಳೂ ಅಂಟಿಕೊಂಡಿವೆ. ನಡುವೆ ತೆಳ್ಳನೆಯ ಚರ್ಮ, ಬೆಳಕಿಗೆ ಹಿಡಿದರೆ ಕೆಂಪಗೆ ಕಾಣುತ್ತದೆ. ಬರೆಯಲು, ತಿನ್ನಲು, ನನ್ನ ಜಡೆ ಎಳೆಯಲು ಅದರಿಂದ ಏನೂ ಅಡ್ಡಿಯಿಲ್ಲ. ಶಾಲೆಯಲ್ಲಿ ಮಾತ್ರ 'ಬಾತುಕೋಳಿ' ಎಂದು ಆಡಿಕೊಳ್ಳುತ್ತಿದ್ದರು.

ಆ ಪತ್ರಿಕೆಯಲ್ಲಿ ಮುಖಪುಟ ಮೊದಲು ಅಚ್ಚಾಗುತ್ತದೆ, ಒಳಪುಟಗಳು ಆಮೇಲೆ. ಒಂದು ಸಲ ಚಿತ್ರಕಾರ ಎಡದಿಂದ ಬಲಕ್ಕೆ ಮೀನು, ಹಲ್ಲಿ, ಮಂಗ, ಮನುಷ್ಯ ಎಂದು ಸಾಲಾಗಿ ಬರೆದುಕೊಟ್ಟ. ಅಚ್ಚಿನವರು ಅಕ್ಷರಗಳನ್ನು ಸರಿಯಾಗಿ ಕೂರಿಸಿ, ಚಿತ್ರವನ್ನು ಮಾತ್ರ ಎಡಬಲ ತಿರುಗಿಸಿಬಿಟ್ಟರು. ಮೊದಲು ಮನುಷ್ಯ, ಕೊನೆಗೆ ಮೀನು! ಅಚ್ಚಾದ ಮುಖಪುಟದ ಕಟ್ಟುಗಳೆಲ್ಲ ಕಚೇರಿಗೆ ಬಂದು ಬಿದ್ದ ಮೇಲೆ ಸಂಪಾದಕರು ತಲೆಯ ಮೇಲೆ ಕೈ ಹೊತ್ತು ಕೂತರಂತೆ.

"ಮುಖಪುಟ ಬದಲಾಯಿಸೋಕಾಗಲ್ಲಮ್ಮ, ನೀನು ಕಥೆ ಬದಲಾಯಿಸು," ಎಂದರು ಅಕ್ಕನಿಗೆ.

"ಸರ್, ಆ ಚಿತ್ರ ನೆಟ್ಟಗಿದ್ರೂ ತಪ್ಪೇ. ಒಬ್ಬರ ಹಿಂದೆ ಒಬ್ಬರು ನಿಂತು ಬಡ್ತಿ ತಗೊಳ್ಳೋಕೆ ವಿಕಾಸ ಏನು ಆಫೀಸಾ? ಅದು ಕೊಂಬೆ ಕೊಂಬೆಯಾಗಿ ಕವಲೊಡೆಯುತ್ತೆ."

"ಮಕ್ಕಳಿಗೆ ಅಷ್ಟೆಲ್ಲ ಯಾಕೆ? ನಾಳೆ ಕೊಟ್ಟುಬಿಡು."

ಅಕ್ಕ ಮನೆಗೆ ಬಂದು ಬುಸುಗುಟ್ಟುತ್ತ ಓಡಾಡುತ್ತಿದ್ದಾಗಲೇ ಗುಬ್ಬಿ ಶಾಲೆಯಿಂದ ಅಳುತ್ತ ಬಂದಳು. ಅಕ್ಕ ಅವಳ ಕೈಯನ್ನೇ ನೋಡಿದಳು. ಮರುದಿನ ಆ ತಿರುಗುಮುರುಗು ಮುಖಪುಟಕ್ಕೆ ಒಪ್ಪುವ ಕಥೆ ಸಿದ್ಧ. ಬೆರಳಂಟಿದ ಹುಡುಗಿಯೊಬ್ಬಳು ಮುಂದಿನ ಮನುಷ್ಯಕುಲದ ಮೊದಲ ಮಗು. ನೀರಿಗೆ ಧುಮುಕುತ್ತಾಳೆ, ಉಸಿರು ಬಿಗಿಹಿಡಿಯುತ್ತಾಳೆ, ಕತ್ತಿನ ಪಕ್ಕ ಕಿವಿರು ಮೂಡುತ್ತದೆ. ಅದೂ ಒಂದೇ ವಾರದಲ್ಲಿ! ಓದುಗರು ಮುಗಿಬಿದ್ದರು, ಕಥೆ ಧಾರಾವಾಹಿಯಾಯಿತು, ಗುಬ್ಬಿಯ ಕೈ ಮುಟ್ಟಿನೋಡಲು ಶಾಲೆಯಲ್ಲಿ ನೂಕುನುಗ್ಗಲು. ಅವಳ ನಡಿಗೆಯೇ ಬದಲಾಯಿತು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ಸಂಜೆ ಗುಬ್ಬಿ ಈಜು ಕಲಿಯುತ್ತಿದ್ದ ಕೊಳದ ಶಿಕ್ಷಕಿ ಫೋನ್ ಮಾಡಿದಾಗ ಇಬ್ಬರೂ ಚಪ್ಪಲಿ ಸಿಕ್ಕಿಸಿಕೊಳ್ಳದೆ ಓಡಿದೆವು. ಗುಬ್ಬಿ ಟವೆಲ್ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ತುಟಿ ನೀಲಿಯಾಗಿತ್ತು.

"ನೀರೊಳಗಿನ ಕಂಬಿ ಹಿಡ್ಕೊಂಡು ಕೂತುಬಿಟ್ಟಿದ್ಲು," ಎಂದಳು ಶಿಕ್ಷಕಿ. "ಬಿಡಿಸೋಕೆ ಹೋದ್ರೆ ನನ್ನನ್ನೇ ಒದೀತಾಳೆ. ನಾನು ನೋಡದೇ ಇದ್ದಿದ್ರೆ ಏನು ಗತಿ ಹೇಳಿ?"

"ಇನ್ನೊಂಚೂರು ಬಿಟ್ಟಿದ್ರೆ ಬಂದೇಬಿಡ್ತಿತ್ತು," ಎಂದು ಗುಬ್ಬಿ ಕತ್ತು ಸವರಿಕೊಂಡಳು. "ಇಲ್ಲಿ ತುರಿಸ್ತಾ ಇತ್ತು."

ಅಕ್ಕ ಈಜು ಬಿಡಿಸಿದಳು. ಬಕೆಟ್ಟುಗಳನ್ನೆಲ್ಲ ಬೋರಲು ಹಾಕಿದಳು, ಬಚ್ಚಲಿನ ಚಿಲಕ ಕೀಳಿಸಿದಳು, ಮಗಳು ಒಳಗೆ ಹೋದರೆ ಹೊರಗೆ ನಿಂತು ಮಾತಾಡಿಸುತ್ತಲೇ ಇದ್ದಳು. ಹುಡುಗಿಯ ಕಿವಿರು ಮುಚ್ಚಿಹೋಗುವ ಹೊಸ ಕಂತು ಬರೆದು ಓದಿಯೂ ಹೇಳಿದಳು. ಗುಬ್ಬಿ ಕಿಸಕ್ಕೆಂದಳು.

"ಅಮ್ಮಾ, ಇದು ಸಂಪಾದಕರು ಬರೆಸಿದ್ದು ತಾನೇ? ಮೊದಲು ಬರೆದಿದ್ದೇ ನಿಜ."

ನನಗೆ ರೇಗಿಹೋಯಿತು. ಅಕ್ಕನನ್ನು ಬಾಲ್ಕನಿಗೆ ಎಳೆದೊಯ್ದೆ. "ಕಥೆ ಹೇಳಿ ಕೆಡಿಸಿದ್ದನ್ನ ಕಥೆ ಹೇಳಿ ರಿಪೇರಿ ಮಾಡ್ತೀಯಾ? ನೇರವಾಗಿ ಹೇಳೇ, ಎಲ್ಲಾ ಸುಳ್ಳು ಅಂತ!"

"ಹೇಳಿದ್ರೆ ಅವಳ ಹತ್ರ ಏನೇ ಉಳಿಯುತ್ತೆ?"

"ಜೀವ ಉಳಿಯುತ್ತೆ!"

ಅಷ್ಟರಲ್ಲಿ ಅಡುಗೆಮನೆಯಿಂದ ಸ್ಟೂಲ್ ಎಳೆದ ಸದ್ದು ಬಂತು. ಹೋಗಿ ನೋಡಿದರೆ ಪಾತ್ರೆ ತೊಳೆಯುವ ಸಿಂಕಿನ ತೂತಿಗೆ ಬಟ್ಟೆ ತುರುಕಿ, ನೀರು ತುಂಬಿಸಿ, ಕಿವಿಯವರೆಗೆ ಮುಖ ಮುಳುಗಿಸಿ ನಿಂತಿದ್ದಾಳೆ ಗುಬ್ಬಿ. ಅಕ್ಕ ಕೂದಲು ಹಿಡಿದೇ ಮೇಲೆತ್ತಿದಳು. ಕೆಮ್ಮು ನಿಲ್ಲುವವರೆಗೆ ಬೆನ್ನು ತಟ್ಟಿ, ಒದ್ದೆ ನೆಲದ ಮೇಲೇ ಮಗಳೆದುರು ಕುಕ್ಕರಿಸಿದಳು.

"ಕೇಳು ಮರಿ. ನಾನು ಬರೆದಿದ್ದು ಸುಳ್ಳು. ಬದುಕಿರುವಾಗಲೇ ಯಾರೂ ಬೇರೆ ಪ್ರಾಣಿ ಆಗಲ್ಲ. ಆಸೆಪಟ್ರೂ ಆಗಲ್ಲ, ಉಸಿರು ಹಿಡಿದ್ರೂ ಆಗಲ್ಲ. ಹುಟ್ಟುವಾಗ್ಲೇ ಒಬ್ಬೊಬ್ರೂ ಒಂಚೂರು ಬೇರೆ ಬೇರೆ ಇರ್ತಾರೆ. ಕೆಲವರ ಮಕ್ಕಳು ಹೆಚ್ಚು ಉಳೀತಾರೆ, ಅವರಂಥವರು ಹೆಚ್ಚಾಗ್ತಾರೆ. ಹಾಗೆ ಲಕ್ಷಾಂತರ ವರ್ಷ ಆದ್ಮೇಲೆ ತಿರುಗಿ ನೋಡಿದ್ರೆ ಬದಲಾಗಿರುತ್ತೆ. ಯಾರೂ ಮೇಲಲ್ಲ, ಯಾರೂ ಮುಂದಿನವರಲ್ಲ."

"ಮತ್ತೆ ನನ್ನ ಕೈ?"

"ಹೊಟ್ಟೆಯಲ್ಲಿರುವಾಗ ಎಲ್ಲಾ ಮಕ್ಕಳ ಬೆರಳೂ ಅಂಟಿಕೊಂಡೇ ಇರುತ್ತೆ. ಆಮೇಲೆ ಬಿಡುತ್ತೆ. ನಿಂದು ಒಂದು ಕಡೆ ಬಿಡಲಿಲ್ಲ. ಅಷ್ಟೇ."

"ಏನಕ್ಕೂ ಅಲ್ವಾ? ಸುಮ್ನೆನಾ?"

"ಸುಮ್ನೆ."

ಗುಬ್ಬಿ ಅಳಲಿಲ್ಲ. ಅತ್ತಿದ್ದರೆ ನಮಗೇ ಚೆನ್ನಾಗಿತ್ತು.

"ನಾಳೆ ಕ್ಲಾಸಲ್ಲಿ ಕೇಳ್ತಾರಲ್ಲ, ಏನು ಹೇಳ್ಲಿ?"

ಅಕ್ಕ ಬಾಯಿ ತೆರೆದಳು. ಇನ್ನೊಂದು ಕಥೆ ಅವಳ ನಾಲಿಗೆಯ ತುದಿಗೆ ಬಂದಿತ್ತು. ಒಡಹುಟ್ಟಿದವಳು, ನನಗೆ ಗೊತ್ತಾಗದೆ ಇರುತ್ತದೆಯೇ? ಅದನ್ನು ನುಂಗಿಕೊಂಡಳು.

"ಗೊತ್ತಿಲ್ಲ ಮರಿ," ಎಂದಳು.

ಗುಬ್ಬಿ ಬಲಗೈಯನ್ನು ಫ್ರಾಕಿನ ಜೇಬಿನೊಳಗೆ ತುರುಕಿಕೊಂಡು ಎದ್ದುಹೋದಳು.